ಒಕ್ಕಲು

ಕರಾವಳಿಯ ಆಮಂತ್ರಣ ಪತ್ರಿಕೆಗಳಲ್ಲಿ ಗೃಹಪ್ರವೇಶಕ್ಕೆ ಇಂದಿಗೂ ‘ಮನೆ ಒಕ್ಕಲು’ ಎಂದು ಅಚ್ಚು ಹಾಕಿಸುವವರಿದ್ದಾರೆ. ಹಾಲು ಉಕ್ಕಿಸಿ, ಬಂದವರಿಗೆ ಊಟ ಬಡಿಸಿದ ಮೇಲೆ ಆ ಮನೆಯವರು ಅಲ್ಲಿ ಒಕ್ಕಲಾದರು.

ಒಕ್ಕಲು ಎಂದರೆ ವಾಸ, ಮನೆತನ, ಗೇಣಿದಾರ, ಬೇಸಾಯಗಾರ. ಒಕ್ಕಲುತನ, ಒಕ್ಕಲಿಗ ಇದರ ಮಕ್ಕಳು. ಒಂದು ದೇವರಿಗೆ ನಡೆದುಕೊಳ್ಳುವ ಮನೆತನಗಳೂ ಆ ದೇವರ ಒಕ್ಕಲೇ. ತಮಿಳಿನಲ್ಲಿ ಇದರ ಸೋದರಪದ ‘ಒಕ್ಕಲ್’. ಅಲ್ಲಿ ಅದಕ್ಕೆ ಬಂಧುಬಳಗ ಎಂಬ ಅರ್ಥ. ನೆಲೆಗೂ ನೆಂಟತನಕ್ಕೂ ಹೀಗೆ ಒಂದೇ ಬೇರು ಇರುವುದು ನನಗೆ ಬಹಳ ಪ್ರಿಯ.

ದೂರದಿಂದ ಬಂದು ಇಲ್ಲಿ ಒಕ್ಕಲಾದವರೂ ಇದ್ದಾರೆ. ಟಿಬೆಟ್ ತೊರೆದು ಬಂದವರಿಗೆ 1960ರ ಸುಮಾರಿಗೆ ಅಂದಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಜಮೀನು ಕೊಟ್ಟಿತು. ಅವರು ಕಾಡು ಕಡಿದು, ತಮಗೆ ಹೊಸದಾದ ಸೆಕೆಯನ್ನು ತಾಳಿಕೊಂಡು, ಮುಸುಕಿನ ಜೋಳ ಬಿತ್ತಿದರು. ವಾಸ, ಬೇಸಾಯ ಎಂಬ ಎರಡೂ ಅರ್ಥದಲ್ಲಿ ಒಕ್ಕಲಾದವರು ಅವರು. ಮುಂದೆ ಮುಂಡಗೋಡದಲ್ಲೂ ಇಂಥ ನೆಲೆಗಳಾದವು. ಇಂದು ಬೈಲಕುಪ್ಪೆಯ ಸುತ್ತ ಅಂಗಡಿಯ ಟಿಬೆಟನ್ ಅಜ್ಜಿ ಕನ್ನಡದಲ್ಲೇ ಚೌಕಾಸಿಗೆ ನಿಲ್ಲುತ್ತಾಳೆ. ಪಕ್ಕದ ಹಳ್ಳಿಯ ಹುಡುಗರು ಮೊಮೊ ತಿನ್ನುತ್ತಾರೆ. ಟಿಬೆಟನ್ನರ ಹೊಸ ವರ್ಷವಾದ ಲೋಸರ್ ಹಬ್ಬ ಬಂದರೆ ಮನೆ ಮನೆಯ ಮೇಲೆ ಹೊಸ ಪ್ರಾರ್ಥನಾ ಧ್ವಜಗಳು. ಒಕ್ಕಲಾಗುವುದೆಂದರೆ ತನ್ನ ಹಬ್ಬ ಬಿಟ್ಟುಬಿಡುವುದಲ್ಲ. ಈ ಪದ ಯಾರಿಂದಲೂ ಅದನ್ನು ಕೇಳಿಲ್ಲ.

ಇದೇ ಪದದಿಂದ ಹುಟ್ಟಿದ್ದು ‘ಒಕ್ಕಲೆಬ್ಬಿಸು’. ಪತ್ರಿಕೆಗಳಲ್ಲಿ ಈಗ ಹೆಚ್ಚಾಗಿ ಕಾಣುವುದು ಈ ರೂಪ. ಮಾತಿನಲ್ಲಿ ಮತ್ತೆ ರೂಢಿಗೆ ಬರಬೇಕಾದದ್ದು ‘ಒಕ್ಕಲಾಗು’: ಊರಿಗೆ ಹೊಸಬರು ಬಂದಾಗ ‘ವಲಸಿಗರು ಬಂದರು’ ಎನ್ನುವ ಬದಲು ‘ಹೊಸ ಒಕ್ಕಲು ಬಂತು’ ಎನ್ನಬಹುದು.