ಮೊದಲ ಕೆಲಸಕ್ಕೇ ಅನುಭವ ಬೇಕಂತೆ! ಹಾಗಾದ್ರೆ ಕಲಿಸೋದು ಯಾರ ಹೊಣೆ?

‘ಫ್ರೆಷರ್ಸ್ ಬೇಕಾಗಿದ್ದಾರೆ. ಕನಿಷ್ಠ ಒಂದು ವರ್ಷದ ಅನುಭವ ಕಡ್ಡಾಯ.’ ಇಂಥ ಜಾಹೀರಾತು ನೀವೂ ನೋಡಿರ್ತೀರಿ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅನ್ನೋ ಗಾದೆಯ ಕಾರ್ಪೊರೇಟ್ ರೂಪ ಇದು.

ಇದು ನಮ್ಮ ನಿಮ್ಮ ಹಣೆಬರಹ ಅಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಭಾಗಿಯಾಗಿದ್ದ 2024ರ ಭಾರತ ಉದ್ಯೋಗ ವರದಿಯ ಪ್ರಕಾರ, 2022ರಲ್ಲಿ ಪದವಿ ಪಡೆದ ಯುವಜನರಲ್ಲಿ ನಿರುದ್ಯೋಗ ಶೇ 29.1. ಓದು ಬರಹ ಬಾರದ ಯುವಜನರಲ್ಲಿ ಅದು ಶೇ 3.4. ಓದದವರಿಗೆ ಒಳ್ಳೆ ಕೆಲಸ ಸಿಗ್ತಿದೆ ಅಂತ ಇದರ ಅರ್ಥವಲ್ಲ. ಸಿಕ್ಕಿದ ಕೂಲಿಗೆ ಹೋಗದೆ ಅವರಿಗೆ ವಿಧಿಯಿಲ್ಲ ಅಷ್ಟೇ. ಆದರೆ ಓದಿದರೆ ಕೆಲಸ ಗ್ಯಾರಂಟಿ ಅನ್ನೋ ಮಾತು ಎಷ್ಟು ಪೊಳ್ಳು ಅನ್ನೋದಕ್ಕೆ ಈ ಎರಡು ಅಂಕಿ ಸಾಕು.

ನನ್ನ ವಾದ ಇಷ್ಟು: ‘ಅನುಭವ ಬೇಕು’ ಅಂದರೆ ‘ಕಲಿಸುವ ಖರ್ಚು ನಾವು ಹಾಕಲ್ಲ, ನೀವೇ ಹಾಕಿಕೊಂಡು ಬನ್ನಿ’ ಎಂದರ್ಥ. ಆದರೆ ಕಲಿಸುವುದು ಉದ್ಯಮದ ಹೊಣೆ ಎಂದು ನಮ್ಮ ಕಾನೂನೇ ಹೇಳುತ್ತೆ. ಆ ಕಾನೂನು ಏನು, ಅದನ್ನು ಬಳಸೋದು ಹೇಗೆ, ಎಲ್ಲಿ ಹುಷಾರಾಗಿರಬೇಕು ಅನ್ನೋದನ್ನು ಒಂದೇ ಕಡೆ ಬರೆದಿಡ್ತಿದ್ದೇನೆ.

ಅಪ್ರೆಂಟಿಸ್‌ಶಿಪ್: ಮರೆತುಹೋದ ಬಾಗಿಲು

ಅಪ್ರೆಂಟಿಸ್ ಕಾಯ್ದೆ 1961ರದ್ದು. ಸರ್ಕಾರಿ ಕನ್ನಡದಲ್ಲಿ ಅಪ್ರೆಂಟಿಸ್‌ಗೆ ‘ಶಿಶಿಕ್ಷು’ ಅಂತಾರೆ. 2019ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ, ಗುತ್ತಿಗೆ ನೌಕರರೂ ಸೇರಿ 30 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗಳು ಒಟ್ಟು ಸಿಬ್ಬಂದಿಯ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಅಂದರೆ 1,000 ಜನರಿರುವ ಕಂಪನಿಯಲ್ಲಿ ಕನಿಷ್ಠ 25 ಮಂದಿ ಕಲಿಯುವವರು ಇರಬೇಕು. ಇದು ಐಟಿಐ ಹುಡುಗರಿಗೆ ಮಾತ್ರ ಅನ್ನೋದು ತಪ್ಪು ಕಲ್ಪನೆ. ಬಿಎ, ಬಿಕಾಂ, ಬಿಎಸ್ಸಿ ಮಾಡಿದವರಿಗೂ ಅವಕಾಶವಿದೆ.

2019ರ ನಿಯಮಗಳಲ್ಲಿ ತಿಂಗಳ ಕನಿಷ್ಠ ಸ್ಟೈಪೆಂಡ್ ಪದವೀಧರರಿಗೆ ₹9,000, ಡಿಪ್ಲೊಮಾದವರಿಗೆ ₹8,000, ಐಟಿಐ ಪ್ರಮಾಣಪತ್ರ ಇದ್ದವರಿಗೆ ₹7,000. ಇದನ್ನು ಶೇ 36ರಷ್ಟು ಏರಿಸಿ ಎಂದು ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿತು. ಅರ್ಜಿ ಹಾಕುವ ದಿನ ಯಾವ ದರ ಇದೆ ಅನ್ನೋದನ್ನು ಪೋರ್ಟಲ್‌ನಲ್ಲೇ ನೋಡಿಕೊಳ್ಳಿ.

ಹೋಗಬೇಕಾದ ಪೋರ್ಟಲ್ ಎರಡು. ಪದವಿ, ಡಿಪ್ಲೊಮಾದವರಿಗೆ ‘ನ್ಯಾಟ್ಸ್’. ಐಟಿಐ ಮತ್ತು ಇತರ ಟ್ರೇಡ್‌ಗಳಿಗೆ ಕೌಶಲ್ಯ ಸಚಿವಾಲಯದ ಅಪ್ರೆಂಟಿಸ್‌ಶಿಪ್ ಪೋರ್ಟಲ್. ಎಚ್‌ಎಎಲ್, ಬಿಇಎಲ್, ನೈಋತ್ಯ ರೈಲ್ವೆ, ಬೆಸ್ಕಾಂನಂಥ ಸಂಸ್ಥೆಗಳು ಆಗಾಗ ಅರ್ಜಿ ಕರೆಯುತ್ತವೆ. ನ್ಯಾಟ್ಸ್ ತರಬೇತಿ ಮುಗಿದ ಮೇಲೆ ಸಿಗುವ ಪ್ರಾವೀಣ್ಯ ಪ್ರಮಾಣಪತ್ರವನ್ನು ಉದ್ಯೋಗ ವಿನಿಮಯ ಕೇಂದ್ರಗಳಲ್ಲಿ ಅನುಭವವಾಗಿ ದಾಖಲಿಸಬಹುದು. ಕಂಪನಿಗಳು ಕೇಳುವ ‘ಒಂದು ವರ್ಷ’ ಅಧಿಕೃತವಾಗಿ ಸಿಗುವ ಜಾಗ ಇದೇ.

ಮಿತಿಗಳೂ ಇವೆ. ಕಾನೂನಿನ ಕಣ್ಣಲ್ಲಿ ಅಪ್ರೆಂಟಿಸ್ ಕಾರ್ಮಿಕನಲ್ಲ, ತರಬೇತಿ ಪಡೆಯುವವನು. ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತಿಲ್ಲ. ಹಾಗಾಗಿ ಕಾಯಂ ಕೆಲಸಗಾರರ ಜಾಗದಲ್ಲಿ ಅಪ್ರೆಂಟಿಸ್‌ಗಳನ್ನು ಹಾಕಿ ಅಗ್ಗದಲ್ಲಿ ಕೆಲಸ ತೆಗೆಸುವ ಅಪಾಯ ಇದ್ದೇ ಇದೆ. ಸಹಿ ಮಾಡುವ ಮುಂಚೆ ಕೇಳಿ: ಒಪ್ಪಂದ ಪೋರ್ಟಲ್‌ನಲ್ಲಿ ನೋಂದಣಿ ಆಗುತ್ತಾ? ಏನು ಕಲಿಸ್ತೀರಿ? ಯಾರು ಕಲಿಸ್ತಾರೆ?

ಇಂಟರ್ನ್‌ಶಿಪ್: ಲೆಕ್ಕ ಹಾಕಿ ಸೇರಿ

ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಶುರುವಾಯ್ತು. ಗುರಿ ಐದು ವರ್ಷದಲ್ಲಿ ಒಂದು ಕೋಟಿ ಯುವಜನ. ಆಗ ಘೋಷಿಸಿದ್ದು ಒಂದು ವರ್ಷದ ತರಬೇತಿ, ತಿಂಗಳಿಗೆ ₹5,000, ಒಮ್ಮೆ ಮಾತ್ರ ₹6,000. ಮೊದಲ ಸುತ್ತಿನಲ್ಲಿ 82 ಸಾವಿರಕ್ಕೂ ಹೆಚ್ಚು ಆಫರ್ ಹೋದವು, ಒಪ್ಪಿಕೊಂಡವರು ಸುಮಾರು 28 ಸಾವಿರ. ನನಗಿದು ಆಶ್ಚರ್ಯ ಅನ್ನಿಸಲಿಲ್ಲ. ರಾಯಚೂರಿನಿಂದ ಬಂದವರು ₹5,000ದಲ್ಲಿ ಬೆಂಗಳೂರಿನ ಪಿಜಿ ಬಾಡಿಗೆ ಕಟ್ಟಿ, ಊಟ ಮಾಡಿ, ಬಸ್ಸು ಹತ್ತೋದು ಹೇಗೆ? ಖಾಸಗಿಯವರ ಸಂಬಳವಿಲ್ಲದ ಇಂಟರ್ನ್‌ಶಿಪ್‌ಗೂ ಇದೇ ಪ್ರಶ್ನೆ. ಅಪ್ಪ ಅಮ್ಮನ ಮನೆ ಬೆಂಗಳೂರಲ್ಲೇ ಇದ್ದವರಿಗೆ ಅದು ಅನುಭವ, ಉಳಿದವರಿಗೆ ಸಾಲ.

ಯುವನಿಧಿ: ಒಂದು ವಿಚಿತ್ರ ಷರತ್ತು

ರಾಜ್ಯ ಸರ್ಕಾರದ ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ ₹3,000, ಡಿಪ್ಲೊಮಾದವರಿಗೆ ₹1,500 ಸಿಗುತ್ತೆ. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಕ್ಕಿರಬಾರದು. ಗರಿಷ್ಠ ಎರಡು ವರ್ಷ. ಸೇವಾಸಿಂಧು ಮೂಲಕ ಅರ್ಜಿ. ಅಪ್ರೆಂಟಿಸ್ ವೇತನ ಪಡೆಯುವವರು ಮತ್ತು ಓದು ಮುಂದುವರಿಸುವವರು ಇದಕ್ಕೆ ಅರ್ಹರಲ್ಲ. ಮನೆಯಲ್ಲಿ ಕೂತರೆ ಭತ್ಯೆ, ಕಲಿಯೋಕೆ ಹೋದರೆ ಕಟ್! ಬೇರೆ ಊರಿಗೆ ಹೋಗಿ ಕಲಿಯುವ ಅಪ್ರೆಂಟಿಸ್‌ಗೆ ಬಾಡಿಗೆಯ ಒಂದು ಭಾಗವಾಗಿ ಇದೇ ದುಡ್ಡು ಕೊಟ್ಟಿದ್ದರೆ ಯೋಜನೆಗೆ ಇನ್ನಷ್ಟು ಅರ್ಥ ಬರ್ತಿತ್ತು ಅನ್ನೋದು ನನ್ನ ಅಭಿಪ್ರಾಯ.

ದುಡ್ಡು ಕೇಳಿದರೆ, ಬಾಂಡ್ ಕೇಳಿದರೆ

ಡಿಗ್ರಿ ಮುಗಿಸಿದ ವರ್ಷ ನನ್ನನ್ನು ಸಂದರ್ಶನಕ್ಕೆ ಕರೆದ ಒಂದು ಕನ್ಸಲ್ಟೆನ್ಸಿ ‘ರಿಜಿಸ್ಟ್ರೇಷನ್ ಫೀಸ್’ ಕೇಳಿತು. ಅಲ್ಲಿಂದ ಎದ್ದು ಬಂದೆ. ಕೆಲಸ ಕೊಡೋರು ದುಡ್ಡು ಕೊಡ್ತಾರೆ, ತಗೊಳ್ಳಲ್ಲ. ಟ್ರೈನಿಂಗ್ ಫೀಸ್, ಲ್ಯಾಪ್‌ಟಾಪ್ ಡೆಪಾಸಿಟ್, ಯಾವ ಹೆಸರಲ್ಲಿ ಕೇಳಿದರೂ ಅನುಮಾನಪಡಿ. ಆನ್‌ಲೈನ್‌ನಲ್ಲಿ ಕಳಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಬಾಂಡ್ ವಿಷಯ ಸ್ವಲ್ಪ ಜಟಿಲ. ‘ಬಾಂಡ್‌ಗೆಲ್ಲ ಬೆಲೆ ಇಲ್ಲ ಬಿಡು’ ಅಂತ ಸೀನಿಯರ್‌ಗಳು ಹೇಳ್ತಾರೆ. ಅದು ಪೂರ್ತಿ ನಿಜ ಅಲ್ಲ. ಮೂರು ವರ್ಷ ಮುಗಿಯುವ ಮೊದಲು ಬಿಟ್ಟರೆ ₹2 ಲಕ್ಷ ಕಟ್ಟಬೇಕು ಎಂಬ ವಿಜಯಾ ಬ್ಯಾಂಕ್‌ನ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ 14ರಂದು ಎತ್ತಿಹಿಡಿಯಿತು. ಸಾರ್ವಜನಿಕ ವಲಯದ ಬ್ಯಾಂಕ್ ಮತ್ತೆ ನೇಮಕಾತಿ ಮಾಡಲು ತಗಲುವ ಖರ್ಚನ್ನು ಕೋರ್ಟ್ ಪರಿಗಣಿಸಿತು. ಹಾಗಂತ ಕಂಪನಿ ಬರೆದ ಮೊತ್ತವೆಲ್ಲ ಸರಿ ಅಂತಲ್ಲ. ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಸಿಗೋದು ನ್ಯಾಯಯುತ ಪರಿಹಾರ ಮಾತ್ರ. ಆದ್ದರಿಂದ ಮೊತ್ತ, ಅವಧಿ ಎರಡನ್ನೂ ಓದಿ ಸಹಿ ಮಾಡಿ. ಒರಿಜಿನಲ್ ಅಂಕಪಟ್ಟಿ ಒತ್ತೆಯಿಡಬೇಡಿ. ತೋರಿಸಿ, ಜೆರಾಕ್ಸ್ ಕೊಟ್ಟು, ವಾಪಸ್ ತನ್ನಿ.

ಸೇರಿದ ಮೊದಲ ತಿಂಗಳು

ನೇಮಕಾತಿ ಪತ್ರ ಕೈಗೆ ಬರಲಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಬಗ್ಗೆ ಸಂಘಟನೆಗಳಿಗೆ ಗಂಭೀರ ತಕರಾರುಗಳಿವೆ. ಆದರೆ ನೇಮಕಾತಿ ಪತ್ರ ಕಡ್ಡಾಯ ಅನ್ನೋ ಅಂಶ ನಮ್ಮ ಕೈಗೆ ಸಿಕ್ಕ ಹತಾರ. ಪಿಎಫ್‌ನ ಯುಎಎನ್ ಸಂಖ್ಯೆ ಕೇಳಿ ಪಡೆಯಿರಿ. ನಾಳೆ ಆ ಕಂಪನಿ ಅನುಭವ ಪತ್ರ ಕೊಡಲು ಸತಾಯಿಸಿದರೂ, ಎಲ್ಲಿ, ಯಾವಾಗಿನಿಂದ ಕೆಲಸ ಮಾಡಿದ್ದೀರಿ ಅನ್ನೋದಕ್ಕೆ ಪಿಎಫ್ ದಾಖಲೆ ಸಾಕ್ಷಿ. ಸಂಬಳ ₹21,000ದೊಳಗಿದ್ದರೆ ಇಎಸ್‌ಐ ಬಗ್ಗೆಯೂ ಕೇಳಿ.

ಪ್ರಶ್ನೆ ಯಾರಿಗೆ?

2024ರ ಜುಲೈನಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಗೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಾಗ ಉದ್ಯಮಿಗಳು ಪ್ರತಿಭೆಯ ಮಾತೆತ್ತಿದರು, ಸರ್ಕಾರ ಮಸೂದೆಯನ್ನು ತಡೆಹಿಡಿಯಿತು. ಆದರೆ ಪ್ರತಿಭೆ ಬೆಳೆಸುವ ಶೇ 2.5ರ ಹೊಣೆಯನ್ನು ನೀವೆಷ್ಟು ಪಾಲಿಸಿದ್ದೀರಿ ಎಂದು ಆ ಉದ್ಯಮಿಗಳನ್ನು ಕೇಳುವ ದನಿ ಜೋರಾಗಿ ಏಳಲಿಲ್ಲ. ಅದನ್ನು ಈಗ ನಾವೇ ಕೇಳಬಹುದು. ನಿಮ್ಮ ಜಿಲ್ಲೆಯಲ್ಲಿ 30ಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳೆಷ್ಟು, ಅಲ್ಲಿ ಅಪ್ರೆಂಟಿಸ್‌ಗಳೆಷ್ಟು, ನೋಟಿಸ್ ಕೊಟ್ಟಿದ್ದು ಎಷ್ಟು ಸಂಸ್ಥೆಗೆ? ರಾಜ್ಯದ ಕೈಗಾರಿಕಾ ತರಬೇತಿ ಇಲಾಖೆಗೆ ಮಾಹಿತಿ ಹಕ್ಕಿನಡಿ ಈ ಮೂರು ಪ್ರಶ್ನೆ ಬರೆದು, ₹10 ಶುಲ್ಕದ ಜೊತೆ ಕಳಿಸಿ. ಉತ್ತರ ಬಂದರೆ ಅದನ್ನು ಹಿಡಿದು ನಿಮ್ಮ ಶಾಸಕರ ಬಾಗಿಲಿಗೆ ಹೋಗಿ.