ನಮ್ಮ ಸೀಮೆಯ ಬ್ಯಾಟಿ ನಾಯಿ ಮತ್ತು ಕುನ್ನಿ ಸಾಕುವ ಕೆಲಸ

ಇತಿಹಾಸದ ಪುಸ್ತಕದಾಗ ನಾಯಿ ಬರತೈತಿ, ಕುನ್ನಿ ಬರೂದಿಲ್ಲ. ಹಂದಿ ಕೂಡ ಕಾದಾಡಿದ ನಾಯಿ, ರಾಜರ ಜೋಡಿ ಬ್ಯಾಟಿಗೆ ಹೋದ ನಾಯಿ, ಧರ್ಮರಾಯನ ಹಿಂದ ಸ್ವರ್ಗದ ಬಾಗಿಲತನಕ ನಡೆದ ನಾಯಿ, ಇವೆಲ್ಲಾ ನಮಗ ಗೊತ್ತು. ಆದರ ಆ ನಾಯಿ ಒಂದು ಕಾಲಕ್ಕ ಅಂಗೈಯಷ್ಟ ಇತ್ತು, ರಾತ್ರಿಯೆಲ್ಲಾ ಅಳತಿತ್ತು, ಅಡಗಿಮನ್ಯಾಗ ಉಚ್ಚಿ ಹೊಯ್ತಿತ್ತು, ಮನಿ ಮಂದಿ ಚಪ್ಪಲಿ ಕಡದು ಹಾಕತಿತ್ತು ಅನ್ನೂದನ್ನ ಯಾರೂ ಬರದಿಲ್ಲ. ನಾನು ಏಳನೇ ಇಯತ್ತೆ ಕಲಿತಾವ. ಹಗಲಿ ಹೊಲ, ರಾತ್ರಿ ಹಾಡು, ಇಷ್ಟರಾಗ ಅರವತ್ತು ವರ್ಷ ದಾಟೇನಿ. ನಮ್ಮ ವಾಚನಾಲಯದವರು ಪುಸ್ತಕಕ್ಕ ಇತಿಹಾಸದ ಮ್ಯಾಲ ಏನರೆ ಬರೀರಿ ಅಂದಾಗ, ಕ್ವಾಟಿ ಕೊತ್ತಲದ ಮ್ಯಾಲ ಬರಿಯೋರು ಭಾಳ ಮಂದಿ ಅದಾರ, ನಾನು ಕುನ್ನಿ ಮ್ಯಾಲ ಬರೀತೇನಿ ಅಂದೆ. ಒಂದಿಬ್ಬರು ನಕ್ಕರು. ನಗಲಿ. ನಾಯಿ ಸಾಕದ ಊರು ಇಲ್ಲ, ಕುನ್ನಿ ಸಾಕಿ ತ್ರಾಸ ಪಡದ ಮನಿನೂ ಇಲ್ಲ.

ಮೊದಲ ದೊಡ್ಡ ನಾಯಿಯಿಂದನ ಸುರು ಮಾಡೋಣ. ಕನ್ನಡದಾಗ ನಾಯಿಗಂತನ ನಿಲ್ಲಿಸಿದ ಕಲ್ಲು ಒಂದೈತಿ. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಿನ ಕಲ್ಲು ಅದು. ಶಕವರ್ಷ 872, ಅಂದರ ಇಸವಿ 949-50ರ ಸುಮಾರಿನದು. ರಾಷ್ಟ್ರಕೂಟರ ಮೂರನೇ ಕೃಷ್ಣ ತಕ್ಕೋಲದಾಗ ಚೋಳರ ರಾಜಾದಿತ್ಯನ ಮ್ಯಾಲ ಯುದ್ಧ ಮಾಡಿದ. ಗಂಗರ ಬೂತುಗ ಅವನ ಕಡೆ ಇದ್ದ. ಬೂತುಗನ ಕಡೆಯ ವೀರ ಮಣಲೆರ ಆ ಯುದ್ಧದಾಗ ಭಾಳ ಪರಾಕ್ರಮ ತೋರಿಸಿದ. ಒಡೆಯ ಮೆಚ್ಚಿ ಏನ ಬೇಕು ಕೇಳು ಅಂದ. ಊರು ಕೇಳಬಹುದಿತ್ತು, ಬಂಗಾರ ಕೇಳಬಹುದಿತ್ತು. ಅಂವ ಕೇಳಿದ್ದು ಕಾಳಿ ಅನ್ನೋ ನಾಯಿ. ಆ ಕಾಳಿ ಮುಂದ ಒಂದು ದೊಡ್ಡ ಕಾಡಹಂದಿ ಕೂಡ ಕಾದಿತು, ಎರಡೂ ಸತ್ತವು. ಅದರ ನೆನಪಿಗೆ ಚಲ್ಲೇಶ್ವರ ಗುಡಿ ಮುಂದ ಕಲ್ಲು ನಿಲ್ಲಿಸಿ, ನಾಯಿ ಹಂದಿ ಕಾದಾಡೂದನ್ನ ಅದರ ಮ್ಯಾಲ ಕೊರಿಸಿ, ಭೂಮಿ ಬಿಟ್ಟುಕೊಟ್ಟರು. ಗುಡಿಯ ಗೊರವ ಆ ಕಲ್ಲಿಗೆ ಪೂಜಿ ಮಾಡದ ಉಂಡರ ನಾಯಿ ಮಾಡಿದ ಪಾಪ ಅವಗ ತಟ್ಟತೈತಿ ಅಂತನೂ ಕೊರಿಸ್ಯಾರ. ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ಸಂಗ್ರಹಾಲಯದಾಗ ಐತಿ.

ಇಷ್ಟೆಲ್ಲಾ ಬರದ ಆ ಕಲ್ಲಿನ ಮ್ಯಾಲ ಒಂದು ಮಾತಿಲ್ಲ. ಕಾಳಿಯನ್ನ ಕುನ್ನಿ ಇದ್ದಾಗಿಂದ ಸಾಕಿದವರು ಯಾರು? ಅದಕ್ಕ ಮೊದಲನೇ ತುತ್ತು ಗಂಜಿ ನೆಕ್ಕಿಸಿದವರು ಯಾರು? ಹಂದಿ ಮ್ಯಾಲ ಬೀಳೂ ನಾಯಿ ಅಂದರ ಹುಟ್ಟಿದ ದಿನಾನ ಹಂಗ ಇರೂದಿಲ್ಲ. ಯಾರೋ ಒಬ್ಬರು ಎರಡು ವರ್ಷ ಅದರ ಹಿಂದ ಸವದಿರಬೇಕು.

ಅದೇ 949ರಾಗ ಕವಿ ರನ್ನ ಹುಟ್ಟಿದ ಅಂತ ಪಂಡಿತರು ಹೇಳತಾರ. ಬಳಿಗಾರರ ಮನಿ ಮಗ. ಅವನ ಊರು ಮುದುವೊಳಲು, ಅಂದರ ಈಗಿನ ಮುಧೋಳ. ಕವಿಯಿಂದ ಹೆಸರಾದ ಆ ಊರು ಈಗ ದೇಶಕ್ಕೆಲ್ಲಾ ಗೊತ್ತಿರೂದು ನಾಯಿಯಿಂದ. ರನ್ನನ ಕಾಲಕ್ಕ ಅಲ್ಲಿ ಇದೇ ಜಾತಿ ನಾಯಿ ಇತ್ತೋ ಇಲ್ಲೋ ಅನ್ನೂ ವಾದಕ್ಕ ನಾ ಹೋಗೂದಿಲ್ಲ. ನಮ್ಮ ಶಹಾಪುರದಿಂದ ಮೀರಜ, ಅಥಣಿ, ಜಮಖಂಡಿ ದಾಟಿದರ ಮುಧೋಳ. ಸ್ವಾತಂತ್ರ್ಯದ ಮುಂಚೆ ಅಲ್ಲಿ ಆಳಿದವರೂ ಘೋರಪಡೆಯವರು, ನಮ್ಮ ಇಚಲಕರಂಜಿ ಜಹಗೀರದಾರರೂ ಘೋರಪಡೆಯವರು. ಮನೆತನ ಬ್ಯಾರೆ, ಹೆಸರು ಒಂದ. ಘೋರಪಡ ಅಂದರ ಉಡ.

ಮುಧೋಳ ನಾಯಿ ಅಂದಕೂಡಲೇ ಮಂದಿ ಮಾಲೋಜಿರಾವ ಘೋರಪಡೆ ಮಹಾರಾಜರ ಹೆಸರು ಹೇಳತಾರ. ಅವರು ಈ ಜಾತಿಯನ್ನ ಜತನ ಮಾಡಿ ಬೆಳಸಿದರು, ಇಂಗ್ಲೆಂಡಿನ ಐದನೇ ಜಾರ್ಜ್ ಬಾದಶಹಾಗ ಒಂದು ಜೋಡಿ ಕಾಣಿಕೆ ಕೊಟ್ಟರು, ಆವಾಗಿಂದ ಮುಧೋಳ ಹೌಂಡ್ ಅನ್ನೂ ಹೆಸರು ಬಂತು ಅಂತ ಹೇಳಿಕೆ. ಮಹಾರಾಜರ ಉಪಕಾರ ನಾ ಇಲ್ಲ ಅನ್ನೂದಿಲ್ಲ. ಆದರ ಮಹಾರಾಜರು ಈ ನಾಯಿಯನ್ನ ನೋಡಿದ್ದ ಬ್ಯಾಡರ ಕಡೆ. ಬ್ಯಾಡರು, ಕುರುಬರು, ಹೊಲಮನಿ ಮಂದಿ ಅದನ್ನ ಮೊದಲಿಂದನೂ ಸಾಕಿಕೊಂಡು ಬಂದಿದ್ದರು. ಆ ಕಡೆ ಹಳ್ಳ್ಯಾಗ ಈಗಲೂ ಅದಕ್ಕ ಬ್ಯಾಟಿ ನಾಯಿ ಅಂತಾರ, ಅಷ್ಟ. ನಮ್ಮ ಮಹಾರಾಷ್ಟ್ರದ ಕಡೆ ಕಾರವಾನಿ ಅಂತಾರ. ನಾಯಿ ಸಂಘದವರ ವಹಿಯೊಳಗೂ ಒಬ್ಬರು ಕಾರವಾನ ಹೌಂಡ್ ಅಂತ ಬರದರ ಇನ್ನೊಬ್ಬರು ಮುಧೋಳ ಹೌಂಡ್ ಅಂತ ಬರೀತಾರ. ಗಡಿ ಮಂದಿಗೆ ಎರಡು ಹೆಸರು ಇರೂದೇನು ಹೊಸದಲ್ಲ, ನಾಯಿಗೂ ಬಂತು.

ಬ್ಯಾಡರ ಹೆಸರು ಬಂದಮ್ಯಾಲ ಹಲಗಲಿ ಬಿಟ್ಟು ಮುಂದ ಹೋಗಾಕ ಹಾಡುಗಾರನ ಕೈಲಿ ಆಗೂದಿಲ್ಲ. ಹಲಗಲಿ ಮುಧೋಳ ತಾಲೂಕಿನ ಹಳ್ಳಿ. 1857ರಾಗ ಕಂಪನಿ ಸರಕಾರ ಎಲ್ಲಾರೂ ಹತ್ಯಾರ ತಂದು ಒಪ್ಪಿಸಬೇಕು ಅಂತ ಹುಕುಂ ಮಾಡಿತು. ಬ್ಯಾಟಿನ ಬದುಕಾದ ಬ್ಯಾಡರು ಒಲ್ಲೆ ಅಂದರು. ದಂಡು ಬಂದು ಊರಿಗೆ ಬೆಂಕಿ ಹಚ್ಚಿತು, 19 ಮಂದಿಯನ್ನ ಗಲ್ಲಿಗೆ ಹಾಕಿದರು. ಆ ಲಾವಣಿಯನ್ನ ಫ್ಲೀಟ್ ಅನ್ನೂ ಇಂಗ್ರೇಜಿ ಸಾಹೇಬನ ಮುಂದ ಬರಕೊಂಡು ಉಳಿಸಿದ. ನಾ ಅದನ್ನ ಎಷ್ಟು ಸಲ ಹಾಡೇನೋ ಲೆಕ್ಕ ಇಲ್ಲ. ಹಾಡುವಾಗ ಒಂದು ವಿಚಾರ ಬರತೈತಿ. ಸರಕಾರದ ಹುಕುಂದಾಗ ಕತ್ತಿ, ಬಂದೂಕು ಇದ್ದವು, ನಾಯಿ ಇರಲಿಲ್ಲ. ಕತ್ತಿ ಕಸಗೊಂಡಮ್ಯಾಲೂ ಮನ್ಯಾಗ ಕುನ್ನಿ ಉಳದವು. ಅವಕ್ಕ ನುಚ್ಚು ಹಾಕಿದವರು ಗಂಡಸರನ್ನ ಕಳಕೊಂಡ ಮನಿ ಹೆಣ್ಣಮಕ್ಕಳ ಇರಬೇಕು ಅಂತ ನನ್ನ ಮನಸ್ಸಿಗೆ ಅನಸತೈತಿ. ಲಾವಣಿಯೊಳಗ ಅದು ಇಲ್ಲ.

ಮುಂದ 1972ರಾಗ ವನ್ಯಪ್ರಾಣಿ ಸಂರಕ್ಷಣಾ ಕಾಯ್ದೆ ಬಂತು. ಮೊಲ, ಚಿಗರಿ, ಹಂದಿ ಬ್ಯಾಟಿ ಬಂದ ಆತು. ಕಾಯ್ದೆ ಬೇಕಾಗಿತ್ತು, ಅದರಾಗ ಎರಡು ಮಾತಿಲ್ಲ. ನಮ್ಮ ಕೊಲ್ಹಾಪುರ ದರಬಾರದವರು ಚಿತ್ತಾ ಪಳಗಿಸಿ ಚಿಗರಿ ಬ್ಯಾಟಿ ಆಡಿಸತಿದ್ದರು. ಆ ಚಿತ್ತಾನೂ ಹೋತು, ಚಿಗರಿನೂ ಹೋತು. ಆದರ ಆ ಕಾಯ್ದೆಯಿಂದ ಬ್ಯಾಟಿ ನಾಯಿಯ ನೌಕರಿ ಹೋತು ಅನ್ನೂದು ಯಾರ ಗಮನಕ್ಕೂ ಬರಲಿಲ್ಲ. ನೌಕರಿ ಹೋದರೂ ರಕ್ತದಾಗಿನ ಓಟ ಹೋಗಲಿಲ್ಲ.

ಇಲ್ಲೇ ನನ್ನ ಮುಖ್ಯ ಮಾತು ಐತಿ. ಕುನ್ನಿ ಮಾಡೋ ಕಾಟ ಅಂತ ನಾವು ಬಯ್ಯೂದು ಏನೈತಿ, ಅದು ಅದರ ಹಿರಿಯರ ಕೆಲಸ. ಈ ಜಾತಿ ವಾಸನಿ ಹಿಡದು ಹುಡುಕೂ ನಾಯಿ ಅಲ್ಲ, ಕಣ್ಣಿಂದ ನೋಡಿ ಬೆನ್ನಹತ್ತೂ ನಾಯಿ. ಹಂಗಾಗಿ ಓಡೂದು ಏನ ಕಂಡರೂ ಅದು ಓಡತೈತಿ. ಕೋಳಿ ಓಡಿದರೂ, ಫಟಫಟಿ ಓಡಿದರೂ, ಸಣ್ಣ ಹುಡುಗ ಓಡಿದರೂ ಅದಕ್ಕ ಒಂದ. ಇದನ್ನ ಹಟ ಅಂತ ತಿಳದು ಬಡದರ ಏನ ಉಪಯೋಗ? ಹಳಬರು ಬಡಿತಿದ್ದಿಲ್ಲ. ಮೂರು ತಿಂಗಳ ಕುನ್ನಿಯನ್ನ ಹಗ್ಗ ಹಾಕಿ ದಿನಾ ಕುರಿ, ಕೋಳಿ ನಡುವ ಅಡ್ಡಾಡಸತಿದ್ದರು. ನೋಡಿ ನೋಡಿ ಬ್ಯಾಸರಾಗಿ ಅದು ಸುಮ್ಮನಾಗತಿತ್ತು. ಈ ಜಾತಿ ನಾಯಿಗೆ ಚರ್ಮ ತೆಳು, ಮನಸ್ಸೂ ತೆಳು. ಒಮ್ಮೆ ಕೋಲು ತಿಂದರ ಆಮ್ಯಾಲ ಪ್ರೀತಿಯಿಂದ ಕೈ ಎತ್ತಿದರೂ ಮುದುಡತೈತಿ.

ಚಪ್ಪಲಿ ಕಡಿಯೂದೂ ಹಂಗ. ನಾಲ್ಕರಿಂದ ಆರು ತಿಂಗಳ ನಡುವ ಹಾಲಹಲ್ಲು ಬಿದ್ದು ದೊಡ್ಡ ಹಲ್ಲು ಬರತಾವು. ಒಸಡು ತಿಂತೈತಿ, ಏನರೆ ಕಡೀಬೇಕು. ನಮ್ಮ ಕಡೆ ಮನಿ ಬಾಗಿಲದಾಗ ಇರೂದು ಕೊಲ್ಹಾಪುರಿ ಚಪ್ಪಲಿ, ಅಸಲ ಚರ್ಮದ್ದು. ಕುನ್ನಿಗೆ ಅದು ಚಪ್ಪಲಿ ಅಲ್ಲ, ಊಟ. (ಕೊಲ್ಹಾಪುರಿ ಚಪ್ಪಲಿಯ ಹೆಸರಿನ ಹಕ್ಕು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗೆ, ಕರ್ನಾಟಕದ ನಾಲ್ಕು ಜಿಲ್ಲೆಗೆ ಕೂಡೇ ಸಿಕ್ಕೈತಿ. ಅದರಾಗ ಮುಧೋಳ ಇರೂ ಬಾಗಲಕೋಟಿನೂ ಐತಿ.) ಚಪ್ಪಲಿ ಮ್ಯಾಲ ಇಟ್ಟು, ದಪ್ಪ ಸೆಣಬಿನ ಹಗ್ಗಕ್ಕ ಗಂಟು ಹಾಕಿ ಕೊಟ್ಟರ ಎರಡು ತಿಂಗಳ ಹೆಂಗೋ ಕಳೀತಾವು.

ಎಲ್ಲಕ್ಕಿಂತ ದೊಡ್ಡ ಮಾತು ತಾಯಿಯಿಂದ ಬಿಡಿಸೂದು. ಕುರಿಹಟ್ಟಿ ಮಂದಿ ಒಂದೂವರೆ ಎರಡು ತಿಂಗಳ ಆಗದ ಕುನ್ನಿ ಕೊಡತಿದ್ದಿಲ್ಲ. ಎಷ್ಟು ರೊಕ್ಕ ತೋರಿಸಿದರೂ ಇಲ್ಲ. ಕಾರಣ ಏನಂದರ, ಕುನ್ನಿ ಹುಟ್ಟಿ ಹತ್ತು ಹದಿನಾಲ್ಕು ದಿನಕ್ಕ ಕಣ್ಣು ಬಿಡತೈತಿ, ಆಮ್ಯಾಲ ಒಡಹುಟ್ಟಿದವರ ಕೂಡ ಕಚ್ಚಾಡಿ ಆಡತೈತಿ. ಎಷ್ಟು ಕಚ್ಚಿದರ ಇನ್ನೊಬ್ಬರಿಗೆ ನೋವಾಗತೈತಿ ಅನ್ನೂದನ್ನ ಅಲ್ಲೇ ಕಲೀತೈತಿ. ಆ ಸಾಲಿ ತಪ್ಪಿಸಿದ ಕುನ್ನಿ ಮುಂದ ನಮ್ಮ ಕೈ ಮ್ಯಾಲ ಕಲೀತೈತಿ. ಕುನ್ನಿ ಒಯ್ಯೂವಾಗ ತಾಯಿ ಮಲಗಿದ ಚೀಲದ ತುಂಡೂ ಜೋಡಿ ಕೊಡತಿದ್ದರು. ಹೊಸ ಮನ್ಯಾಗ ಆ ವಾಸನಿಗೆ ನಿದ್ದಿ ಬರತಿತ್ತು. ಉಣಸೂದು ಜೋಳದ ನುಚ್ಚು, ಮಜ್ಜಿಗಿ, ನೀರು ಬೆರಸಿದ ಹಾಲು, ಸ್ವಲ್ಪ ಸ್ವಲ್ಪ, ದಿನಕ್ಕ ನಾಲ್ಕು ಸಲ. ಉಂಡಕೂಡಲೇ, ನಿದ್ದಿಯಿಂದ ಎದ್ದಕೂಡಲೇ ಎತ್ತಿಕೊಂಡು ಹೊರಗ ಅದೇ ಜಾಗಾಕ್ಕ ಬಿಡೂದು. ಎಂಟು ಹದಿನೈದು ದಿನ ಹಿಂಗ ಮಾಡಿದರ ಬಾಗಿಲ ಕಡೆ ತಾನ ಹೋಗಾಕ ಹತ್ತತೈತಿ. ಒಳಗ ಹೊಲಸು ಮಾಡಿತಂತ ಮುಖ ತಿಕ್ಕೂದು ಪ್ಯಾಟಿ ಪದ್ಧತಿ, ಅದರಿಂದ ಕುನ್ನಿ ಕಲಿಯೂದು ಕದ್ದು ಮಾಡೂದನ್ನ. ಇನ್ನೊಂದು, ಈ ನಾಯಿಯ ಪಕ್ಕಡಿ ಎಲುಬು ಕಾಣೂದ ಅದರ ಲಕ್ಷಣ. ಬಡಕಲ ಐತಿ ಅಂತ ಮರುಗಿ ತುರುಕಿದರ ಮೈ ಭಾರಾಗಿ ಕಾಲು ಕೆಡತಾವು.

ನಮ್ಮ ಕಡೆ ಎರಡು ದೇವರು ನಾಯಿಯನ್ನ ಹತ್ತಿರ ಇಟ್ಟುಕೊಂಡಾರ. ನರಸೋಬಾ ವಾಡಿಯ ದತ್ತನ ಫೋಟೋದಾಗ ಕಾಲ ಬುಡಕ ನಾಲ್ಕು ನಾಯಿ, ಅವು ನಾಲ್ಕು ವೇದ ಅಂತಾರ. ಮಂಗಸೂಳಿಯ ಖಂಡೋಬಾ, ಅಂದರ ನಮ್ಮ ಮೈಲಾರಲಿಂಗನ ಜೋಡಿನೂ ನಾಯಿ. ವಾಘ್ಯಾಗಳು, ಗೊರವರು ತಾವ ದೇವರ ನಾಯಿ ಅಂತ ಬೊಗಳಿ, ದೋಣಿಯೊಳಗ ಹಾಕಿದ ಪ್ರಸಾದ ಬಾಯಿಂದ ತಿಂತಾರ. ಅಷ್ಟು ಮಾನ ಕೊಟ್ಟ ನಾವ ಬೈಗಳಕ್ಕೂ ನಾಯಿ ಅಂತೀವಿ.

ಹುಚ್ಚ ನಾಯಿ ಮಾತು ಬರೀದ ಈ ಲೇಖನ ಪೂರಾ ಆಗೂದಿಲ್ಲ. 1885ರ ಜುಲೈ 6ಕ್ಕ ಫ್ರಾನ್ಸಿನ ಪಾಶ್ಚರ್ ಸಾಹೇಬ, ನಾಯಿ ಕಡದ ಜೋಸೆಫ್ ಮೈಸ್ಟರ್ ಅನ್ನೂ ಒಂಬತ್ತು ವರ್ಷದ ಹುಡುಗಗ ಮೊದಲನೇ ಸಲ ಲಸಿಕಿ ಹಾಕಿದ. ಹುಡುಗ ಉಳದ. ನಮ್ಮ ದೇಶದಾಗ 1900ರಾಗ ಕಸೌಲಿಗೆ, 1907ರಾಗ ಕೂನೂರಿಗೆ ಪಾಶ್ಚರ್ ಸಂಸ್ಥೆ ಬಂದವು. ಅದಕ್ಕಿಂತ ಮುಂಚೆ ಗೋರಾ ಸಿಪಾಯಿಗಳಿಗೆ ನಾಯಿ ಕಡದರ ಪ್ಯಾರಿಸ್‌ತನಕ ಕಳಸತಿದ್ದರು. ನಮ್ಮ ಮಂದಿಗೆ ಮೆಣಸಿನಪುಡಿ, ಸುಣ್ಣ, ಮಂತ್ರ. ನಮ್ಮ ವಯಸ್ಸಿನವರಿಗೆ ಹೊಟ್ಟಿ ಮ್ಯಾಲಿನ ಹದಿನಾಲ್ಕು ಸೂಜಿ ನೆನಪೈತಿ. ಆ ಲಸಿಕಿಯನ್ನ ಕಸೌಲಿಯೊಳಗ ಸೆಂಪಲ್ ಅನ್ನೂ ಡಾಕ್ಟರು ಮಾಡಿದ್ದು. 2004ರ ಕೊನಿಗೆ ಅದು ಬಂದ ಆತು. ಈಗ ತೋಳಿಗೆ ನಾಲ್ಕೈದು ಸೂಜಿ. ಆದರೂ ‘ಕುನ್ನಿ ಕಡದರ ಏನ ಆಗತೈತಿ, ಹಾಲಹಲ್ಲು’ ಅನ್ನೂ ಮಾತು ಇನ್ನೂ ಐತಿ. ಕುನ್ನಿಗೂ ಆ ರೋಗ ಬರತೈತಿ, ಕುನ್ನಿಯಿಂದನೂ ಮನಷ್ಯಾಗ ಬರತೈತಿ. ಬಂದಮ್ಯಾಲ ಔಷಧ ಇಲ್ಲ. ಕಡದರ ಹದಿನೈದು ಮಿನೀಟ ಸಾಬಾನ ಹಚ್ಚಿ ಹರಿಯೂ ನೀರಾಗ ತೊಳದು, ಅವತ್ತ ದವಾಖಾನಿಗೆ ಹೋಗಬೇಕು. ಕುನ್ನಿಗೆ ಮೂರು ತಿಂಗಳಿಗೆ ಹುಚ್ಚಿನ ಲಸಿಕಿ, ಅದಕ್ಕಿಂತ ಮುಂಚೆ ರಕ್ತಭೇದಿಯಂಥಾ ರೋಗದ ಲಸಿಕಿ, ಹೊಟ್ಟಿ ಹುಳದ ಔಷಧ. ಹಳಬರ ಪದ್ಧತಿಯೊಳಗ ಇದೊಂದು ಇರಲಿಲ್ಲ. ಅದಕ್ಕ ಒಂದು ಸೂಲಿನಾಗ ಅರ್ಧಕ್ಕರ್ಧ ಕುನ್ನಿ ಸತ್ತರೂ ದೇವರಿಚ್ಛಾ ಅಂತಿದ್ದರು.

ಈಗ ಬ್ಯಾಟಿ ನಾಯಿಗೆ ಮತ್ತ ಮಾನ ಬಂದೈತಿ. 2005ರಾಗ ಅಂಚೆ ಚೀಟಿ ಮ್ಯಾಲ ಬಂತು. ಮುಧೋಳದ ಹತ್ತಿರ ತಿಮ್ಮಾಪುರದಾಗ ಪಶು ವಿಶ್ವವಿದ್ಯಾಲಯದವರು ಶ್ವಾನ ಸಂಶೋಧನಾ ಕೇಂದ್ರ ಮಾಡ್ಯಾರ. 2016ರಾಗ ಅಲ್ಲಿಂದ ಕುನ್ನಿಗಳು ಮೇರಠದ ಸೈನ್ಯದ ತರಬೇತಿಗೆ ಹೋದವು. ವಿಮಾನದ ಓಡುದಾರಿ ಮ್ಯಾಲಿನ ಹಕ್ಕಿ ಓಡಸಾಕ ವಾಯುಪಡೆಯವರೂ ಒಯ್ದರು. ಹಕ್ಕಿ ಬೆನ್ನಹತ್ತೂದು! ಅದಕ್ಕ ತಕ್ಕ ನೌಕರಿ ಸಿಕ್ಕಿತು ನೋಡ್ರಿ.

ಆದರ ಹೆಸರು ಬಂದಕೂಡಲೇ ಮಾರವರೂ ಹುಟ್ಟಿಕೊಂಡರು. ನಮ್ಮ ಅಣ್ಣನ ಮಗ ಒಬ್ಬ ಮಾರವನ ಕಡೆಯಿಂದ ಸಾವಿರಾರು ರೂಪಾಯಿ ಕೊಟ್ಟು ಕುನ್ನಿ ತಂದ. ನಲವತ್ತೈದು ದಿನದ್ದು ಅಂದಿದ್ದರಂತ. ನಾ ಬಾಯಿ ತಗದು ಹಲ್ಲು ನೋಡಿದೆ, ಇನ್ನೂ ಮೊಳಕಿ.

‘ತಮ್ಮಾ, ಇದಕ್ಕ ತಿಂಗಳಾನೂ ತುಂಬಿಲ್ಲಲ್ಲೋ’ ಅಂದೆ.

‘ತಿರುಗಿ ಒಯ್ದರ ತಗೋಳೂದಿಲ್ಲಂತ ಕಾಕಾ. ನೀವ ಹೇಳ್ರಿ, ಏನ ಮಾಡ್ಲಿ?’ ಅಂದ.

ಅವರ ಮನಿ ಯಂತ್ರಮಾಗದ ಓಣ್ಯಾಗ ಐತಿ. ಇಚಲಕರಂಜಿಗೆ 1904ರಾಗ ಮೊದಲನೇ ಯಂತ್ರಮಾಗ ಬಂತು, ಈಗ ಸುತ್ತೂಕಡೆ ಹಗಲು ರಾತ್ರಿ ಖಟಾಖಟಿ. ಓಡೂ ನಾಯಿಗೆ ಓಡಾಕ ಜಾಗಾ ಇಲ್ಲದ ಓಣಿ. ನಾಲ್ಕು ರಾತ್ರಿ ಅತ್ತಿತು. ಮಗ ತಿರುಗಿ ಎಲ್ಲೆರೆ ಬಿಟ್ಟು ಬರತೇನು ಅನ್ನೂ ಮಾತಿಗೆ ಬಂದಿದ್ದ. ಹಿಂಗ ಬಿಟ್ಟು ಬಂದ ನಾಯಿಗಳ ಇವತ್ತ ರಸ್ತಾದ ಮ್ಯಾಲ ತಿರಗೂದು. ಆವಾಗ ನಮ್ಮ ವೈನಿ ಅದನ್ನ ತನ್ನ ಹಳೇ ಸೀರಿಯೊಳಗ ಸುತ್ತಿ ಮಗ್ಗಲದಾಗ ಇಟ್ಟುಕೊಂಡಳು. ರಾತ್ರಿ ಎರಡು ಸಲ ಎದ್ದು ಹೊರಗ ಒಯ್ಯತಿದ್ದಳು, ಬಟ್ಟಿ ಅದ್ದಿ ಹಾಲು ಚೀಪಿಸತಿದ್ದಳು. ಎಪ್ಪತ್ತರ ಮುದುಕಿ, ಒಂದು ಪುಸ್ತಕ ಓದಿದಾಕಿ ಅಲ್ಲ.

ಈಗ ಅದು ಒಂಬತ್ತು ತಿಂಗಳದ್ದು. ಮಾಗದ ಸಪ್ಪಳಕ್ಕ ಹೆದರೂದಿಲ್ಲ. ಕರೆಂಟ ಹೋಗಿ ಮಾಗ ನಿಂತರ ಎದ್ದು ಕಿವಿ ನಿಮಿರಸತೈತಿ. ಕಬ್ಬು ಕಡದ ಹೊಲದಾಗ ಬೆಳಿಗ್ಗೆ ಹೊತ್ತು ಹುಟ್ಟೂಕಿಂತ ಮುಂಚೆ ಹಗ್ಗ ಬಿಚ್ಚತೀವಿ, ಎರಡು ಸುತ್ತು ಹೊಡದು ಬರತೈತಿ. ಹೆಸರು ಇನ್ನೂ ಇಟ್ಟಿಲ್ಲ. ಮಗ ಒಂದು ಇಂಗ್ಲಿಷ ಹೆಸರು ಹೇಳತಾನ, ನಾ ಕಾಳಿ ಅನ್ರಿ ಅಂತೇನಿ, ವೈನಿ ‘ಬಾರೋ ಮಗಾ’ ಅಂತಾಳ. ಅದು ಬರೂದು ವೈನಿ ಕರದರ ಅಷ್ಟ.