‘ದ್ರೋಲ್ ದ ದ್ರಾಮ್’: ಉಪೇಕ್ಷಿತವಾದ ಒಂದು ಪ್ರಹಸನ

ಒಂದು ಸುಳ್ಳನ್ನು ಮುಚ್ಚಲು ಹತ್ತು ಸುಳ್ಳುಗಳು ಬೇಕಾಗುವುವೆಂಬುದು ಎಲ್ಲ ದೇಶದ ಗೃಹಸ್ಥರೂ ಬಲ್ಲ ಸಂಗತಿ. ಫ್ರೆಂಚ್ ನಿರ್ದೇಶಕನಾದ ಮಾರ್ಸೆಲ್ ಕಾರ್ನೆಯು 1937ರಲ್ಲಿ ನಿರ್ಮಿಸಿದ ‘ದ್ರೋಲ್ ದ ದ್ರಾಮ್’, ಎಂದರೆ ‘ವಿಚಿತ್ರ ನಾಟಕ’, ಎಂಬ ವಾಕ್ಚಿತ್ರವು ಈ ತತ್ತ್ವಕ್ಕೆ ಭಾಷ್ಯದಂತಿದೆ. ಬ್ರಿಟಿಷ್ ಲೇಖಕ ಕ್ಲೌಸ್ಟನ್ನನು 1912ರಲ್ಲಿ ಪ್ರಕಟಿಸಿದ ಕಾದಂಬರಿಯೊಂದು ಇದಕ್ಕೆ ಆಧಾರ. ಸಂಭಾಷಣೆಯನ್ನು ರಚಿಸಿದವನು ಕವಿ ಜಾಕ್ ಪ್ರೆವೇರ್.

ಕಥೆ ನಡೆಯುವುದು ಲಂಡನ್ ನಗರದಲ್ಲಿ. ಸಸ್ಯಶಾಸ್ತ್ರಜ್ಞನಾದ ಮೊಲಿನ್ಯೂ ಗುಟ್ಟಾಗಿ ಬೇರೊಂದು ಹೆಸರಿನಿಂದ ಪತ್ತೇದಾರಿ ಕಾದಂಬರಿಗಳನ್ನು ಬರೆಯುತ್ತಿರುವನು. ಅಂತಹ ಕಾದಂಬರಿಗಳನ್ನು ಸಭೆಯಲ್ಲಿ ಖಂಡಿಸುವ ಬಿಷಪ್ಪನೇ ಅವನ ಬಂಧು. ಆತನು ತಾನಾಗಿಯೇ ಊಟಕ್ಕೆ ಬಂದ ದಿನ ಅಡಿಗೆಯವರು ಕೆಲಸ ಬಿಟ್ಟುಹೋಗಿರುವರು. ಮರ್ಯಾದೆಗೆ ಅಂಜಿದ ಗೃಹಿಣಿಯು ಅಡಿಗೆಮನೆಯಲ್ಲಿ ಅಡಗಿ ತಾನೇ ಪಾಕಮಾಡುವಳು. ಆಕೆ ಊರಲ್ಲಿಲ್ಲವೆಂದು ಪತಿಯು ತಡವರಿಸುವನು. ಸಂಶಯಗೊಂಡ ಬಿಷಪ್ಪನು, ಇವನು ಪತ್ನಿಗೆ ವಿಷವಿಕ್ಕಿರುವನೆಂದು ಪೋಲೀಸರಿಗೆ ತಿಳಿಸುವನು. ನಿಜವನ್ನಾಡಲಾರದೆ ದಂಪತಿಗಳು ಓಡಿಹೋಗಲು, ಆ ಪಲಾಯನವೇ ಅಪರಾಧಕ್ಕೆ ಸಾಕ್ಷಿಯಾಗುತ್ತದೆ. ಅಷ್ಟರಲ್ಲಿ ವೃತ್ತಪತ್ರಿಕೆಯೊಂದು ಆ ಗುಪ್ತನಾಮದ ಕಾದಂಬರಿಕಾರನನ್ನೇ ಶೋಧನೆಗೆ ಕರೆಯುವುದರಿಂದ, ಮೊಲಿನ್ಯೂ ಕೃತಕ ಗಡ್ಡವನ್ನು ಧರಿಸಿ, ತಾನೇ ಮಾಡಿದನೆನ್ನಲಾದ ಕೊಲೆಯನ್ನು ಪತ್ತೆಮಾಡಲು ತನ್ನ ಮನೆಗೇ ಬರಬೇಕಾಗುತ್ತದೆ!

ನಮ್ಮ ಸಂಸ್ಕೃತ ಪ್ರಹಸನಗಳ ಲಕ್ಷಣವೂ ಇದಕ್ಕೆ ದೂರವಾದುದಲ್ಲ. ಪಲ್ಲವರಾಜ ಮಹೇಂದ್ರವರ್ಮನ ‘ಮತ್ತವಿಲಾಸ’ವು ಕಪಟ ಸಂನ್ಯಾಸಿಗಳನ್ನು ನಗೆಗೀಡುಮಾಡಿದಂತೆ, ಈ ಚಿತ್ರವು ನೀತಿಬೋಧಕನಾದ ಬಿಷಪ್ಪನನ್ನು ಸ್ಕಾಟ್ಲೆಂಡಿನವರ ಉಡುಪಿನಲ್ಲಿ ಕದ್ದು ತಂದು ಸಿಕ್ಕಿಬೀಳಿಸುತ್ತದೆ. ಮೊಲಿನ್ಯೂ ಆಗಿ ಮಿಶೆಲ್ ಸಿಮೋನನೂ, ಬಿಷಪ್ಪನಾಗಿ ಲೂಯಿ ಜುವೆಯೂ ಅಭಿನಯಿಸಿದರು.

ಆದರೂ 1937ರ ಪ್ಯಾರಿಸ್ಸಿನ ಪ್ರೇಕ್ಷಕರು ಇದನ್ನು ಆದರಿಸಲಿಲ್ಲ. ಮರುವರ್ಷ ಅದೇ ಕಾರ್ನೆ ಮತ್ತು ಪ್ರೆವೇರರ ವಿಷಾದಮಯವಾದ ‘ಕೇ ದೇ ಬ್ರೂಮ್’ ಚಿತ್ರವನ್ನು ಜನರು ಮೆಚ್ಚಿದರು. ಹಾಸ್ಯವು ಮೂಲೆಗೆ ಬಿದ್ದಿತು.

ಮುಂದಿನ ವರ್ಷಗಳು ಈ ನಗೆಗೆ ಬೇರೊಂದು ಅರ್ಥವನ್ನು ಕೊಟ್ಟುವು. 1940ರಲ್ಲಿ ಜರ್ಮನರು ಪ್ಯಾರಿಸ್ಸನ್ನು ಹಿಡಿದ ಬಳಿಕ, ನೆರೆಯವರ ಮೇಲೆ ದೂರು ಬರೆಯುವುದು ಪ್ರಹಸನದ ವಸ್ತುವಾಗಿ ಉಳಿಯಲಿಲ್ಲ. ಅದರಿಂದ ಪ್ರಾಣಗಳೇ ಹೋದುವು. ಚಿತ್ರಕ್ಕೆ ಸಂಗೀತವನ್ನಿತ್ತ ಮೊರೀಸ್ ಜೋಬೇರನು ಅದೇ ವರ್ಷ ಯುದ್ಧದಲ್ಲಿ ಮಡಿದನು. ರಂಗವಿನ್ಯಾಸಕನಾದ ಹಂಗೆರಿಯ ಯಹೂದಿ ಟ್ರೌನೆರನು ತಲೆಮರೆಸಿಕೊಂಡು, ಗುಟ್ಟಾಗಿಯೇ ಕಾರ್ನೆಯ ಮುಂದಿನ ಚಿತ್ರಗಳಿಗೆ ಕೆಲಸಮಾಡಬೇಕಾಯಿತು.

ಯುದ್ಧಾನಂತರ ಚಿತ್ರವು ಮರಳಿ ತೆರೆಗೆ ಬಂದಾಗ ಜನರು ಮನಸಾರೆ ನಕ್ಕರು. ಬಿಷಪ್ಪನು ಊಟದ ಮೇಜಿನಲ್ಲಿ ಪದೇಪದೇ ಉಚ್ಚರಿಸುವ ‘ವಿಚಿತ್ರ’ವೆಂಬ ಮಾತು ಫ್ರೆಂಚರ ಮನೆಮಾತಾಯಿತು. ಗೌರವಸ್ಥನೊಬ್ಬನ ಸಂಶಯಮಾತ್ರದಿಂದ ನಿರಪರಾಧಿಯು ಅಪರಾಧಿಯಾಗಬಹುದೆಂಬ ಸತ್ಯವನ್ನು ಹಾಸ್ಯವು ಮೊದಲೇ ಹೇಳಿತ್ತು. ಲೋಕವು ಅದನ್ನು ಕಷ್ಟದಿಂದ ಕಲಿತ ಮೇಲೆ ಕೇಳಿಸಿಕೊಂಡಿತು.